ಬರೆದದ್ದು ನಡೆಯತೊಡಗಿದಾಗ

ಸಾಫ್ಟ್‌ವೇರ್ ಬರೆಯುವುದೆಂದರೆ ಒಣ ಲೆಕ್ಕ, ಆವರಣ ಚಿಹ್ನೆಗಳ ಸಾಲು, ಯಂತ್ರಕ್ಕೆ ಕೊಡುವ ಅಪ್ಪಣೆಗಳ ಪಟ್ಟಿ ಎಂಬ ಭಾವನೆ ಗಟ್ಟಿಯಾಗಿ ಬೇರೂರಿದೆ. ಕವಿತೆ, ಚಿತ್ರ, ಸಂಗೀತ ಮನಸ್ಸಿಗೆ, ಪ್ರೋಗ್ರಾಮಿಂಗ್ ಹೊಟ್ಟೆಪಾಡಿಗೆ. ಈ ಕೆಲಸ ಮಾಡುವವರಲ್ಲೂ ಹಲವರು ಹೀಗೆಯೇ ನಂಬಿರುವುದನ್ನು ಕಂಡಿದ್ದೇನೆ. ನಾನು ಒಪ್ಪಲಾರೆ. ಏನನ್ನಾದರೂ ಹೊಸದಾಗಿ ಕಟ್ಟಿದ ಸಂತೋಷ ನನಗೆ ಅತ್ಯಂತ ತೀವ್ರವಾಗಿ ಸಿಕ್ಕಿರುವುದು ಪ್ರೋಗ್ರಾಂ ಬರೆಯುವಾಗಲೇ. ಅದು ಏಕೆ ಎಂದು ಬಿಡಿಸಿ ಹೇಳಲು ಬಹಳ ದಿನಗಳಿಂದ ಆಸೆಯಿತ್ತು.

ಇದೊಂದು ವಿಚಿತ್ರ ಬರವಣಿಗೆ. ಕಾಗದದ ಮೇಲೆ ‘ಮಳೆ ಬಂತು’ ಎಂದು ಬರೆದರೆ ಓದುವವರ ಮನಸ್ಸಿನಲ್ಲಿ ಮಳೆಯಾಗುತ್ತದೆ; ಕಾಗದ ಒದ್ದೆಯಾಗುವುದಿಲ್ಲ. ಪ್ರೋಗ್ರಾಮಿನ ವಾಕ್ಯಕ್ಕೆ ಬೇರೆಯದೇ ಶಕ್ತಿಯಿದೆ. ಅದನ್ನು ಮನುಷ್ಯರು ಓದಿ ಅರ್ಥ ಮಾಡಿಕೊಳ್ಳಬಹುದು. ಯಂತ್ರ ಅದನ್ನೇ ಓದಿ ನಡೆಸಿಯೂ ಬಿಡುತ್ತದೆ. ಸಾವಿರಾರು ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು ಹೇಗೆಂದು ಹತ್ತು ಸಾಲಿನಲ್ಲಿ ವಿವರಿಸಿದರೆ, ಆ ವಿವರಣೆಯೇ ಹೆಸರುಗಳನ್ನು ಜೋಡಿಸಿ ಮುಂದಿಡುತ್ತದೆ. ತಲೆಯೊಳಗೆ ಮಸುಕಾಗಿದ್ದ ಆಲೋಚನೆಯೊಂದು ಹೊರಗೆ ಬಂದು ನನ್ನ ಕೈ ಹಿಡಿಯದೆ ನಡೆದಾಡುವುದನ್ನು ನೋಡುವ ಬೆರಗು ಇಷ್ಟು ವರ್ಷಗಳಾದರೂ ಕಡಿಮೆಯಾಗಿಲ್ಲ.

ಈ ಬೆರಗು ಕಂಪ್ಯೂಟರಿಗಿಂತ ಹಳೆಯದು. ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಯೋಜಿಸಿದ್ದ ಅನಲಿಟಿಕಲ್ ಎಂಜಿನ್ ಎಂಬ ಲೆಕ್ಕದ ಯಂತ್ರದ ಕುರಿತು ಫ್ರೆಂಚ್ ಭಾಷೆಯಲ್ಲಿದ್ದ ಲೇಖನವೊಂದನ್ನು ಏಡಾ ಲವ್‌ಲೇಸ್ ಇಂಗ್ಲಿಷಿಗೆ ತಂದರು; ಅದು 1843ರಲ್ಲಿ ಪ್ರಕಟವಾಯಿತು. ಜೊತೆಗೆ ಅವರು ಸೇರಿಸಿದ ಟಿಪ್ಪಣಿಗಳು ಮೂಲ ಲೇಖನಕ್ಕಿಂತ ಉದ್ದವಾಗಿದ್ದವು. ಗಣಿತದಲ್ಲಿ ಬರ್ನೌಲಿ ಸಂಖ್ಯೆಗಳೆಂದು ಕರೆಯುವ ಸಂಖ್ಯಾಸರಣಿಯನ್ನು ಆ ಯಂತ್ರ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಬಗೆಯನ್ನು ಅವರು ಕೋಷ್ಟಕದಲ್ಲಿ ತೋರಿಸಿದ್ದು ಪ್ರಸಿದ್ಧ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಮಾತು. ಸ್ವರಗಳ ನಡುವಿನ ಸಂಬಂಧಗಳನ್ನು ನಿಯಮಗಳಲ್ಲಿ ಹಿಡಿದಿಡಲು ಬರುವುದಾದರೆ ಈ ಯಂತ್ರ ಸಂಗೀತವನ್ನೂ ರಚಿಸಬಹುದು ಎಂದು ಅವರು ಊಹಿಸಿದ್ದರು. ಬ್ಯಾಬೇಜ್ ಬದುಕಿರುವವರೆಗೂ ಆ ಯಂತ್ರ ಪೂರ್ತಿಯಾಗಿ ನಿರ್ಮಾಣವಾಗಲೇ ಇಲ್ಲ. ಇಲ್ಲದ ಯಂತ್ರವನ್ನು ಎದುರಿಗಿಟ್ಟುಕೊಂಡು, ಸಂಖ್ಯೆಗಳಾಚೆಗೆ ಅದು ಏನೇನು ಮಾಡೀತು ಎಂದು ಕಾಣಬಲ್ಲ ಮನಸ್ಸನ್ನು ಕವಿಮನಸ್ಸು ಎನ್ನದೆ ಬೇರೇನೆನ್ನಬೇಕು?

ಮಾತು ಗಾಳಿಯಲ್ಲಿ ನಿಲ್ಲಬಾರದು. ನನಗೆ ಬಹಳ ಪ್ರಿಯವಾದ ಒಂದು ಪ್ರೋಗ್ರಾಮನ್ನೇ ಬಿಚ್ಚಿ ತೋರಿಸುತ್ತೇನೆ. ಪದ್ಯವೊಂದನ್ನು ಕೊಟ್ಟರೆ ಪ್ರತಿ ಅಕ್ಷರ ಲಘುವೋ ಗುರುವೋ ಎಂದು ಗುರುತಿಸಿ, ಮಾತ್ರೆ ಎಣಿಸಿ, ಛಂದಸ್ಸು ಯಾವುದೆಂದು ಹೇಳುವ ಪ್ರೋಗ್ರಾಂ ಅದು. ಬರೆದುಕೊಡಿ ಎಂದು ಯಾರೂ ಕೇಳಿರಲಿಲ್ಲ. ಶಾಲೆಯಲ್ಲಿ ಪ್ರಸ್ತಾರ ಹಾಕಿದ ಎಲ್ಲರಿಗೂ ನಿಯಮಗಳು ಗೊತ್ತು. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ ಗುರು, ಅದಕ್ಕೆ ಎರಡು. ಅನುಸ್ವಾರ ಅಥವಾ ವಿಸರ್ಗವಿದ್ದರೆ ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ವ್ಯಂಜನದಲ್ಲಿ ನಿಲ್ಲುವ ಅಕ್ಷರವೂ ಗುರು. ಐದಾರು ವಾಕ್ಯಗಳಲ್ಲಿ ಮುಗಿಯಿತು.

ಇದನ್ನೇ ಯಂತ್ರಕ್ಕೆ ಹೇಳಲು ಕುಳಿತರೆ ಮೊದಲ ಪ್ರಶ್ನೆ ಎದುರಾಗುತ್ತದೆ: ಅಕ್ಷರ ಎಂದರೇನು? ‘ಸ್ತ್ರೀ’ ನಮ್ಮ ಕಣ್ಣಿಗೂ ನಾಲಿಗೆಗೂ ಒಂದೇ ಅಕ್ಷರ. ಕಂಪ್ಯೂಟರಿನಲ್ಲಿ ಲಿಪಿಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡ್ ಎಂಬ ವ್ಯವಸ್ಥೆ ಅದನ್ನು ಆರು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಸಕಾರ, ಸ್ವರವನ್ನು ಕಳೆಯುವ ಹಲಂತದ ಚಿಹ್ನೆ, ತಕಾರ, ಮತ್ತೆ ಹಲಂತ, ರಕಾರ, ಕೊನೆಗೆ ಈಕಾರದ ಚಿಹ್ನೆ. ‘ಸೂರ್ಯ’ ಎಂದು ಬರೆದರೆ ಅರ್ಕಾವತ್ತು ಕಣ್ಣಿಗೆ ಯಕಾರದ ಆಚೆ ಕಾಣುತ್ತದೆ. ಒಳಗೆ ಮಾತ್ರ ರಕಾರ ಉಚ್ಚಾರಣೆಯ ಕ್ರಮದಂತೆ ಯಕಾರಕ್ಕಿಂತ ಮೊದಲೇ ಕುಳಿತಿರುತ್ತದೆ. ‘ರ‍್ಯಾಂಕ್’ ಎಂಬ ಪದದಲ್ಲಿ ರಕಾರದ ಬೆನ್ನಿಗೆ ಕಣ್ಣಿಗೇ ಬೀಳದ ಒಂದು ಸಂಕೇತ ಅಡಗಿರುತ್ತದೆ. ಚಿಕ್ಕಂದಿನಿಂದ ಓದುತ್ತ ಬಂದ ಲಿಪಿಯನ್ನು ನಾನು ನಿಜವಾಗಿ ನೋಡಿದ್ದು ಆಗ. ಗೊತ್ತಿದ್ದ ಸಂಗತಿ ಹೊಸದಾಗಿ ಕಾಣುವುದು ಕವಿತೆಯಿಂದ ಆಗುವ ಉಪಕಾರ ಎಂದು ಓದಿದ್ದೆ. ಇಲ್ಲಿ ಅದು ಒಂದು ಪ್ರೋಗ್ರಾಮಿನಿಂದ ಆಯಿತು.

ಮೊದಲ ಆವೃತ್ತಿ ಸಂಕೇತಗಳ ಮೇಲೆ ಎಡದಿಂದ ಬಲಕ್ಕೆ ನಡೆಯುತ್ತಿತ್ತು. ಪ್ರತಿ ಸಂಕೇತ ಸಿಕ್ಕಾಗಲೂ ಕೇಳಿಕೊಳ್ಳಬೇಕು: ಇದು ವ್ಯಂಜನವೇ, ಸ್ವರಚಿಹ್ನೆಯೇ, ಹಲಂತವೇ? ಹಲಂತವಾದರೆ ಮುಂದೆ ವ್ಯಂಜನ ಇದೆಯೇ? ಇದ್ದರೆ ಹಿಂದೆ ಹೋಗಿ ಲಘುವೆಂದು ಬರೆದಿದ್ದನ್ನು ಗುರುವೆಂದು ತಿದ್ದಬೇಕು. ಇಲ್ಲದಿದ್ದರೆ ಹಿಂದಿನ ಅಕ್ಷರಕ್ಕೆ ಈ ವ್ಯಂಜನವನ್ನು ಸೇರಿಸಬೇಕು. ಸಾಲಿನ ಕೊನೆಯಾದರೆ ಏನು? ನಡುವೆ ಅಲ್ಪವಿರಾಮ ಬಂದರೆ? ಪ್ರತಿಯೊಂದಕ್ಕೂ ಒಂದು ‘ಹೀಗಾದರೆ’, ಅದರೊಳಗೆ ಇನ್ನೊಂದು ‘ಹೀಗಾದರೆ’. ಪ್ರೋಗ್ರಾಂ ಕೆಲಸವನ್ನೇನೋ ಮಾಡುತ್ತಿತ್ತು. ಓದಿದರೆ ಮಾತ್ರ ಛಂದಸ್ಸಿನ ನಿಯಮ ಅದರಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ಆಮೇಲೆ ಒಂದು ದಿನ ನೋಟ ಬದಲಾಯಿತು. ಲಘುವೋ ಗುರುವೋ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬಿಟ್ಟುಬಿಡೋಣ; ಮೊದಲು ಪಠ್ಯವನ್ನೆಲ್ಲ ಅಕ್ಷರಗಳಾಗಿ ಒಡೆಯೋಣ; ಒಂದೊಂದು ಅಕ್ಷರವನ್ನೂ ಮೂರು ಭಾಗಗಳುಳ್ಳ ವಸ್ತುವನ್ನಾಗಿ ಇಟ್ಟುಕೊಳ್ಳೋಣ. ಆರಂಭದ ವ್ಯಂಜನಗಳು, ನಡುವಿನ ಸ್ವರ, ಬಾಲ. ಬಾಲದಲ್ಲಿ ಅನುಸ್ವಾರ, ವಿಸರ್ಗ ಅಥವಾ ಸ್ವರವಿಲ್ಲದೆ ಉಳಿದ ವ್ಯಂಜನ ಇರಬಹುದು, ಏನೂ ಇಲ್ಲದಿರಬಹುದು. ಇಷ್ಟಾದ ಮೇಲೆ ನಿಯಮ ಒಂದೇ ಸಾಲಿಗೆ ಇಳಿಯಿತು: ಸ್ವರ ದೀರ್ಘವಾಗಿದ್ದರೆ, ಅಥವಾ ಬಾಲವಿದ್ದರೆ, ಅಥವಾ ಮುಂದಿನ ಅಕ್ಷರದ ಆರಂಭದಲ್ಲಿ ಒಂದಕ್ಕಿಂತ ಹೆಚ್ಚು ವ್ಯಂಜನಗಳಿದ್ದರೆ, ಅದು ಗುರು, ಉಳಿದದ್ದೆಲ್ಲ ಲಘು. ಆ ‘ಹೀಗಾದರೆ’ಗಳ ಕಾಡು ಇದ್ದಕ್ಕಿದ್ದಂತೆ ಇಲ್ಲವಾಗಿತ್ತು. ಹಿಂದೆ ಹೋಗಿ ತಿದ್ದುವ ಅಗತ್ಯವೂ ಉಳಿಯಲಿಲ್ಲ.

ಪ್ರೋಗ್ರಾಮಿಂಗ್ ಸೃಜನಶೀಲ ಎಂದು ನಾನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಸರಿಯಾಗಿ ಈ ಕ್ಷಣ. ಸಮಸ್ಯೆ ಮೊದಲಿನಷ್ಟೇ ಇದೆ, ಒಂದು ಕೂದಲೆಳೆಯಷ್ಟೂ ಸಣ್ಣದಾಗಿಲ್ಲ. ಅದನ್ನು ಹಿಡಿದಿಡುವ ರೂಪ ಬದಲಾಗಿದೆ. ಆ ರೂಪವನ್ನು ಯಾವ ಸೂತ್ರವೂ ಹುಡುಕಿಕೊಡುವುದಿಲ್ಲ, ಯಾವ ಕೈಪಿಡಿಯಲ್ಲೂ ಅದು ಬರೆದಿರುವುದಿಲ್ಲ. ಸಂಗತಿಯೊಡನೆ ಬಹಳ ಹೊತ್ತು ಕುಳಿತವರಿಗೆ ಅದು ಹೊಳೆಯುತ್ತದೆ. ಹೊಳೆದ ಮೇಲೆ ಇದು ಹೀಗಲ್ಲದೆ ಬೇರೆ ಹೇಗೂ ಇರಲು ಸಾಧ್ಯವಿಲ್ಲ ಎನಿಸುವಷ್ಟು ಸಹಜವಾಗಿರುತ್ತದೆ. ಕವಿಗೆ ಸರಿಯಾದ ಪದ ಸಿಕ್ಕಾಗ ಆಗುವ ಅನುಭವ ಇದಕ್ಕಿಂತ ಬೇರೆ ಎಂದು ನನಗೆ ಅನಿಸುವುದಿಲ್ಲ.

ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಮೂರು ನಾಲ್ಕು ಮೂರು ನಾಲ್ಕರ ಗಣಗಳಲ್ಲಿ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ನಡೆ ಮುಂದುವರಿದು ಕೊನೆಗೊಂದು ಗುರು ಬಂದು 23 ಮಾತ್ರೆ. ಒಟ್ಟು 102. ಪದ್ಯವೊಂದನ್ನು ಕೊಟ್ಟಾಗ ಪರದೆಯ ಮೇಲೆ 14, 14, 23, 14, 14, 23 ಎಂದು ಮೂಡಿದ್ದನ್ನು ಕಂಡು ನಾನು ಎದ್ದು ನಿಂತುಬಿಟ್ಟೆ. ಎಷ್ಟೋ ವರ್ಷಗಳಿಂದ ಕಿವಿಗೆ ಗೊತ್ತಿದ್ದ ನಡೆ ಅದು. ಈಗ ಅದು ಹೇಗೆ ಹುಟ್ಟುತ್ತದೆ ಎಂಬುದು ತಿಳಿದಿತ್ತು, ಆ ತಿಳಿವಳಿಕೆ ನನ್ನಿಂದ ಹೊರಗೆ ನಿಂತು ಕೆಲಸ ಮಾಡುತ್ತಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದೇ ಅದರ ಸೊಗಸು. ಹಳಗನ್ನಡ ಪದ್ಯಗಳನ್ನು ಕೊಟ್ಟಾಗ ಕೆಲವು ಸಾಲುಗಳಲ್ಲಿ ಮಾತ್ರೆ ಒಂದು ಹೆಚ್ಚು ಬಂತು. ಕಾರಣ ಶಿಥಿಲದ್ವಿತ್ವ. ‘ಅಮರ್ದು’ ಎಂಬಂಥ ಪದಗಳಲ್ಲಿ ರಕಾರದೊಂದಿಗೆ ಬರುವ ಒತ್ತು ಸಡಿಲವಾಗಿ ಉಚ್ಚಾರಗೊಂಡು, ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬಲ್ಲದು. ಹಾಗಾದರೆ ಯಂತ್ರ ಹೇಗೆ ತೀರ್ಮಾನಿಸಬೇಕು? ಪದ್ಯ ವಾಚಿಸುವವರು ಏನು ಮಾಡುತ್ತಾರೆ ಎಂದು ಯೋಚಿಸಿದೆ. ಅವರ ಕಿವಿ ಸಾಲಿನ ನಡೆಯನ್ನು ಮೊದಲೇ ಹಿಡಿದಿರುತ್ತದೆ; ಆ ನಡೆ ಬೇಡಿದಂತೆ ಒತ್ತನ್ನು ಬಿಗಿಯಾಗಿಯೋ ಸಡಿಲವಾಗಿಯೋ ನುಡಿಯುತ್ತಾರೆ. ಪ್ರೋಗ್ರಾಮಿಗೂ ಅದನ್ನೇ ಕಲಿಸಿದೆ. ಅನುಮಾನವಿರುವ ಕಡೆ ಎರಡೂ ಸಾಧ್ಯತೆಗಳನ್ನು ತೆರೆದಿಡು, ಛಂದಸ್ಸಿಗೆ ಹೊಂದುವ ಓದನ್ನು ಉಳಿಸಿಕೋ. ಒಂದು ಸಣ್ಣ ಅಪವಾದ ಇಡೀ ಪ್ರೋಗ್ರಾಮಿನ ಸ್ವಭಾವವನ್ನು ಬದಲಾಯಿಸಿತು. ಅದುವರೆಗೆ ಅದು ಎಣಿಸುತ್ತಿತ್ತು, ಈಗ ಓದುತ್ತಿದೆ.

ಈ ಒಂದು ಅನುಭವದಿಂದಲೇ ನನಗೆ ಗಟ್ಟಿಯಾಗಿರುವ ಮಾತು: ಯಾವುದಾದರೂ ಸಂಗತಿ ನನಗೆ ತಿಳಿದಿದೆ ಎಂದು ನಾನು ಪೂರ್ತಿಯಾಗಿ ನಂಬುವುದು ಅದನ್ನು ಯಂತ್ರಕ್ಕೆ ಹೇಳಿಕೊಡಲು ಸಾಧ್ಯವಾದಾಗ. ಮನುಷ್ಯರಿಗೆ ವಿವರಿಸುವಾಗ ಅರ್ಧ ಹೇಳಿದರೂ ಸಾಕು, ಕೇಳುವವರು ಉಳಿದರ್ಧವನ್ನು ತುಂಬಿಕೊಳ್ಳುತ್ತಾರೆ. ‘ಗೊತ್ತಾಯಿತಲ್ಲ’ ಎಂದರೆ ತಲೆಯಾಡಿಸುತ್ತಾರೆ. ಯಂತ್ರ ಏನನ್ನೂ ತುಂಬಿಕೊಳ್ಳುವುದಿಲ್ಲ. ನನ್ನ ಅರಿವಿನಲ್ಲಿ ಎಲ್ಲೆಲ್ಲಿ ತೂತಿದೆಯೋ ಅಲ್ಲಲ್ಲೇ ನಿಂತುಬಿಡುತ್ತದೆ. ಈ ನಿಷ್ಠುರತೆಯನ್ನು ಕೆಲವರು ಶಿಕ್ಷೆಯೆಂದು ತಿಳಿಯುತ್ತಾರೆ. ನನಗೆ ಅದು ಅಪರೂಪದ ಸ್ನೇಹ. ಅದಕ್ಕೆ ನನ್ನ ಹುದ್ದೆ ಗೊತ್ತಿಲ್ಲ, ಮುಖಸ್ತುತಿ ಬರುವುದಿಲ್ಲ, ದ್ವೇಷವೂ ಇಲ್ಲ. ಬರೆದದ್ದು ಸರಿಯಾಗಿದ್ದರೆ ನಡೆಯುತ್ತದೆ.

ಹಾಗೆ ನಡೆದ ಮೇಲೂ ಅದು ಸರಿಯಾಗಿಲ್ಲದಿರಬಹುದು ಎಂಬುದು ಇನ್ನೂ ಆಳದ ಪಾಠ. ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಬೇಕಾದ್ದನ್ನು ಹುಡುಕುವ ದ್ವಿಮಾನ ಶೋಧವನ್ನು ನೋಡಿ. ನಡುವಿನದನ್ನು ನೋಡು, ಬೇಕಾದ್ದು ಅದಕ್ಕಿಂತ ಮುಂದಿದ್ದರೆ ಹಿಂದಿನ ಅರ್ಧವನ್ನು ಬಿಡು, ಹಿಂದಿದ್ದರೆ ಮುಂದಿನ ಅರ್ಧವನ್ನು ಬಿಡು, ಹೀಗೆ ಅರ್ಧ ಅರ್ಧ ಮಾಡುತ್ತ ಹೋಗು. ಹತ್ತು ಲಕ್ಷ ಹೆಸರುಗಳ ಪಟ್ಟಿಯಲ್ಲಿ ಹೆಚ್ಚೆಂದರೆ 20 ಸಲ ನೋಡಿದರೆ ಸಾಕು. 1946ರಷ್ಟು ಹಿಂದೆಯೇ ಕಂಪ್ಯೂಟರ್ ನಿರ್ಮಾಣದ ಆದ್ಯರಲ್ಲೊಬ್ಬರಾದ ಜಾನ್ ಮಾಕ್ಲಿ ಇದನ್ನು ಚರ್ಚಿಸಿದ್ದರು. ಅಷ್ಟು ಹಳೆಯ, ಅಷ್ಟು ಸರಳ ವಿಧಾನ. ಹಾಗಿದ್ದರೂ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಸಿದ್ಧ ಪ್ರೋಗ್ರಾಮುಗಳ ಗ್ರಂಥಾಲಯದಲ್ಲಿದ್ದ ಅದರ ರೂಪದಲ್ಲಿ ದೋಷವಿದೆ ಎಂದು ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಜಗತ್ತಿಗೆ ತಿಳಿಸಿದರು.

ದೋಷ ಎಲ್ಲಿತ್ತು ಗೊತ್ತೇ? ನಡುವಿನ ಸ್ಥಾನ ಕಂಡುಹಿಡಿಯಲು ಆರಂಭ ಮತ್ತು ಅಂತ್ಯಗಳನ್ನು ಕೂಡಿಸಿ ಎರಡರಿಂದ ಭಾಗಿಸುವಲ್ಲಿ. ಶಾಲೆಯ ಮಗುವೂ ಹಾಗೆಯೇ ಮಾಡುತ್ತದೆ, ಗಣಿತದಲ್ಲಿ ಅದು ಸರಿಯೇ. ಜಾವಾದ ಸಾಮಾನ್ಯ ಪೂರ್ಣಾಂಕ ಮಾತ್ರ 2,14,74,83,647ರ ಆಚೆ ಹೋಗಲಾರದು. ಪಟ್ಟಿ ಬಹಳ ದೊಡ್ಡದಾಗಿದ್ದರೆ ಕೂಡಿಸಿದ ಮೊತ್ತ ಆ ಗಡಿ ದಾಟಿ ಋಣಸಂಖ್ಯೆಯಾಗಿಬಿಡುತ್ತದೆ. ಪರಿಹಾರ ಒಂದು ಸಣ್ಣ ತಿರುವು: ಅಂತ್ಯದಿಂದ ಆರಂಭವನ್ನು ಕಳೆದು, ಬಂದದ್ದರ ಅರ್ಧವನ್ನು ಆರಂಭಕ್ಕೆ ಕೂಡಿಸುವುದು. ಬೀಜಗಣಿತದ ದೃಷ್ಟಿಯಿಂದ ಎರಡೂ ಒಂದೇ. ಯಂತ್ರದೊಳಗೆ ಒಂದು ಸುಳ್ಳು, ಇನ್ನೊಂದು ನಿಜ. ಇಷ್ಟು ಸೂಕ್ಷ್ಮವಾದ ಸಾಮಗ್ರಿಯೊಡನೆ ದಿನವೂ ಒಡನಾಡುವ ಕೆಲಸವನ್ನು ಬೇಸರದ ಕೆಲಸ ಎನ್ನಲು ಮನಸ್ಸಾದರೂ ಹೇಗೆ ಬರುತ್ತದೆ?

ದೋಷ ಹುಡುಕುವುದನ್ನೂ ನಾನು ಪ್ರೀತಿಸುತ್ತೇನೆ ಎಂದರೆ ಸಹೋದ್ಯೋಗಿಗಳು ನಂಬುವುದಿಲ್ಲ. ಅದೊಂದು ಶುದ್ಧ ವಿಚಾರಣೆ. ಕಣ್ಣೆದುರು ಒಂದು ವಿಪರೀತವಿದೆ. ಕಾರಣ ಇದಿರಬಹುದು ಎಂದು ಊಹಿಸಬೇಕು, ಊಹೆ ನಿಜವಾದರೆ ಮತ್ತೇನು ಕಾಣಬೇಕು ಎಂದು ಯೋಚಿಸಬೇಕು, ನೋಡಬೇಕು, ಊಹೆ ಬಿದ್ದುಹೋದರೆ ಬಿಟ್ಟುಕೊಡಬೇಕು. ನನ್ನ ಊಹೆ ಎಂಬ ಮೋಹ ಇಲ್ಲಿ ನಡೆಯುವುದಿಲ್ಲ. ಕೊನೆಗೆ ಕಾರಣ ಸಿಕ್ಕಾಗ ಅದುವರೆಗೆ ಕಂಡ ಅಸಂಬದ್ಧಗಳೆಲ್ಲ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ.

ನಿರ್ಬಂಧ ಹೆಚ್ಚಾದಷ್ಟೂ ಕಲ್ಪನೆ ಚುರುಕಾಗುತ್ತದೆ ಎಂಬುದನ್ನು ಛಂದಸ್ಸಿನಲ್ಲಿ ಬರೆದವರು ಬಲ್ಲರು. ಪ್ರೋಗ್ರಾಮಿಂಗ್ ಇತಿಹಾಸದಲ್ಲಿ ಇದಕ್ಕೆ ನನ್ನ ಅಚ್ಚುಮೆಚ್ಚಿನ ನಿದರ್ಶನ ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ. 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕಾಫಿ ಅಂಗಡಿಯೊಂದರಲ್ಲಿ ತಾವು ಮದುವೆಯಾಗಲಿದ್ದ ಹುಡುಗಿಯ ಜೊತೆ ಕುಳಿತಿದ್ದಾಗ, ಎರಡು ಊರುಗಳ ನಡುವಿನ ಅತಿ ಕಡಿಮೆ ದೂರದ ದಾರಿಯನ್ನು ಕಂಡುಹಿಡಿಯುವ ವಿಧಾನ ಅವರಿಗೆ ಹೊಳೆಯಿತು. ಸುಮಾರು 20 ನಿಮಿಷಗಳ ಕೆಲಸ ಎಂದು ಅವರೇ ನೆನಪಿಸಿಕೊಂಡಿದ್ದಾರೆ. ಕೈಯಲ್ಲಿ ಪೆನ್ಸಿಲ್ ಇರಲಿಲ್ಲ, ಕಾಗದವೂ ಇರಲಿಲ್ಲ. ಬರೆದುಕೊಳ್ಳಲು ಏನೂ ಇಲ್ಲದಿದ್ದರೆ ಅನಗತ್ಯ ಜಟಿಲತೆಯನ್ನು ಮನಸ್ಸು ತಾನಾಗಿಯೇ ದೂರವಿಡುತ್ತದೆ, ಆ ವಿಧಾನ ಅಷ್ಟು ಅಂದವಾಗಿ ಬಂದದ್ದಕ್ಕೆ ಅದೂ ಒಂದು ಕಾರಣ ಎಂಬುದು ಅವರ ಅಭಿಪ್ರಾಯ. ಹೊಸ ಕಂಪ್ಯೂಟರೊಂದರ ಪ್ರದರ್ಶನಕ್ಕಾಗಿ ಅವರು ನೆದರ್‌ಲ್ಯಾಂಡ್ಸ್‌ನ 64 ಊರುಗಳನ್ನು ಆರಿಸಿಕೊಂಡಿದ್ದರು. 64 ಏಕೆಂದರೆ ಒಂದು ಊರನ್ನು ಗುರುತಿಸಲು ಆರು ಬಿಟ್‌ಗಳು, ಅಂದರೆ ಸೊನ್ನೆಯೋ ಒಂದೋ ಆಗಿರುವ ಆರು ಅಂಕಿಗಳು, ಸಾಕು.

ವಿಧಾನವನ್ನು ಒಂದು ಉಸಿರಿನಲ್ಲಿ ಹೇಳಬಹುದು. ದಾರಿ ಗೊತ್ತಿದ್ದು ಇನ್ನೂ ಇತ್ಯರ್ಥವಾಗದ ಊರುಗಳಲ್ಲಿ ಅತಿ ಹತ್ತಿರದ್ದನ್ನು ತೆಗೆದುಕೋ. ಅದರ ದೂರ ಇನ್ನು ಬದಲಾಗದು ಎಂದು ಮುದ್ರೆ ಹಾಕು. ಅದರ ಮೂಲಕ ಹೋದರೆ ನೆರೆಯ ಊರುಗಳು ಹತ್ತಿರವಾಗುತ್ತವೆಯೇ ಎಂದು ನೋಡಿ ಅವುಗಳ ದೂರವನ್ನು ತಿದ್ದು. ಗುರಿ ಮುಟ್ಟುವ ತನಕ ಇದನ್ನೇ ಮಾಡು. ಮುದ್ರೆ ಹಾಕಲು ಅಷ್ಟು ಧೈರ್ಯ ಎಲ್ಲಿಂದ ಬಂತು? ಬೇರೆ ಯಾವ ದಾರಿ ಹಿಡಿದರೂ ಇದಕ್ಕಿಂತ ದೂರದ ಅಥವಾ ಇಷ್ಟೇ ದೂರದ ಇನ್ನೊಂದು ಊರನ್ನು ದಾಟಿಯೇ ಬರಬೇಕು, ದೂರ ಎಂಬುದು ಋಣವಾಗುವುದಿಲ್ಲ. ಆದ್ದರಿಂದ ಸುತ್ತಿ ಬಂದರೆ ಲಾಭವಿಲ್ಲ. ಇದನ್ನು ಮೊದಲ ಬಾರಿ ಅರ್ಥ ಮಾಡಿಕೊಂಡ ದಿನ ನಾನು ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತ ತಿರುಗಿದ್ದೆ. ಅದರಲ್ಲಿ ತೆಗೆಯಬಹುದಾದ ಒಂದು ಪದವಿಲ್ಲ, ಸೇರಿಸಬೇಕಾದ ಒಂದು ಪದವಿಲ್ಲ.

ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರ ಅನುಭವ ಇನ್ನೊಂದು ಬಗೆಯದು. ಮಾಸ್ಕೋದಲ್ಲಿ ವಿದ್ಯಾರ್ಥಿಯಾಗಿದ್ದಾಗ, ರಷ್ಯನ್ ಭಾಷೆಯಿಂದ ಇಂಗ್ಲಿಷಿಗೆ ಯಂತ್ರಾನುವಾದ ಮಾಡುವ ಯೋಜನೆಗೆ ಪದಗಳನ್ನು ಅಕಾರಾದಿಯಾಗಿ ಜೋಡಿಸಬೇಕಿತ್ತು. ಕ್ವಿಕ್‌ಸಾರ್ಟ್ ವಿಧಾನ ಅವರಿಗೆ ಹೊಳೆದದ್ದು ಆಗ. ಹೊಳೆದದ್ದನ್ನು ಚೆನ್ನಾಗಿ ಹೇಳಲು ಅವರಿಗೆ ಸಾಧನವಿರಲಿಲ್ಲ. ಒಂದು ಫಂಕ್ಷನ್, ಅಂದರೆ ಹೆಸರಿಟ್ಟು ಕರೆಯಬಹುದಾದ ಪ್ರೋಗ್ರಾಮಿನ ತುಣುಕು, ತನ್ನನ್ನು ತಾನೇ ಕರೆದುಕೊಳ್ಳಲು ಅವಕಾಶ ಕೊಡುವ ಆಲ್ಗಾಲ್ 60 ಎಂಬ ಭಾಷೆಯ ಪರಿಚಯವಾದ ಮೇಲೆ ಅದು ಕೆಲವೇ ಸಾಲುಗಳಲ್ಲಿ ನಿರಾಯಾಸವಾಗಿ ಮೂಡಿತು, 1961ರಲ್ಲಿ ಪ್ರಕಟವಾಯಿತು. ಆಲೋಚನೆ ಮೊದಲೇ ಇತ್ತು, ಅದಕ್ಕೆ ನುಡಿ ಆಮೇಲೆ ಒದಗಿತು. ಒಂದೊಂದು ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿತಾಗಲೂ ಇಂಥ ಒಂದು ಬಾಗಿಲು ತೆರೆದ ಅನುಭವ ನನಗಾಗಿದೆ. ಹಳೆಯ ಭಾಷೆಗೆ ಮರಳಿದರೂ ಮೊದಲಿನಂತೆ ಬರೆಯಲು ಆಗುವುದಿಲ್ಲ.

ಬರವಣಿಗೆಯ ದಿನನಿತ್ಯದ ಸಣ್ಣ ಸುಖಗಳನ್ನೂ ಹೇಳಬೇಕು. ಹೆಸರಿಡುವುದು ಅವುಗಳಲ್ಲೊಂದು. ಒಂದು ಫಂಕ್ಷನ್‌ಗೆ ಎಷ್ಟು ತಿಣುಕಿದರೂ ಹೆಸರು ಸಿಗುತ್ತಿಲ್ಲವೆಂದರೆ ಬಹುಮಟ್ಟಿಗೆ ಅದು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿರುತ್ತದೆ. ಎರಡಾಗಿ ಒಡೆದರೆ ಹೆಸರುಗಳು ತಾವಾಗಿ ಬರುತ್ತವೆ. ಇನ್ನು ಅಳಿಸುವ ಸುಖ. ಬರೆದ ನೂರು ಸಾಲುಗಳನ್ನು ತೆಗೆದುಹಾಕಿ ಹದಿನೈದರಲ್ಲಿ ಅದೇ ಕೆಲಸ ನಡೆಯುವಂತೆ ಮಾಡಿದ ದಿನ ನನಗೆ ಹಬ್ಬ.

ಇಷ್ಟೊಂದು ಕಾಳಜಿ ಯಾರಿಗಾಗಿ ಎಂದು ಕೇಳುವವರಿದ್ದಾರೆ. ಉತ್ತರವಾಗಿ ನಾನು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಅವರ ಕಡೆ ಕೈ ತೋರಿಸುತ್ತೇನೆ. 1974ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸುವಾಗ ಅವರು ಮಾಡಿದ ಉಪನ್ಯಾಸದ ವಿಷಯವೇ ಪ್ರೋಗ್ರಾಮಿಂಗ್ ಒಂದು ಕಲೆ ಎಂಬುದು. ಮೂರು ವರ್ಷಗಳ ಬಳಿಕ, ಪ್ರೋಗ್ರಾಮಿಂಗ್ ಕುರಿತ ತಮ್ಮ ಗ್ರಂಥದ ಹೊಸ ಮುದ್ರಣದ ಕರಡು ಅಚ್ಚು ಕೈಗೆ ಬಂದಾಗ ಅಕ್ಷರಜೋಡಣೆಯ ಗುಣಮಟ್ಟ ಕಂಡು ಅವರಿಗೆ ಸಹಿಸಲಾಗಲಿಲ್ಲ. ಆಗ ನಡೆಯುತ್ತಿದ್ದ ದೊಡ್ಡ ಕೆಲಸವನ್ನು ಬದಿಗಿಟ್ಟು, ಪುಟಗಳನ್ನು ಅಂದವಾಗಿ ಜೋಡಿಸುವ ಟೆಕ್ ಎಂಬ ತಂತ್ರಾಂಶವನ್ನು ತಾವೇ ಬರೆಯಲು ಕುಳಿತರು. ಬೇಗ ಮುಗಿಯುತ್ತದೆ ಎಂದುಕೊಂಡದ್ದು ವರ್ಷಗಟ್ಟಲೆ ಹಿಡಿಯಿತು. ಜಗತ್ತಿನ ಗಣಿತಜ್ಞರು ಇಂದಿಗೂ ತಮ್ಮ ಪ್ರಬಂಧಗಳನ್ನು ಅದರಲ್ಲೇ ಸಿದ್ಧಪಡಿಸುತ್ತಾರೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ಟೆಕ್ ಸಾಲು ಮುರಿಯುವ ಬಗೆ ನನಗೆ ಬಹಳ ಇಷ್ಟ. ಸಾಮಾನ್ಯವಾಗಿ ಸಾಲು ತುಂಬಿತೆಂದರೆ ಮುರಿದು ಮುಂದಿನದಕ್ಕೆ ಹೋಗುವುದು ಸುಲಭದ ದಾರಿ. ಟೆಕ್ ಇಡೀ ಪ್ಯಾರಾವನ್ನು ಒಟ್ಟಿಗೆ ನೋಡುತ್ತದೆ. ಎಲ್ಲೆಲ್ಲಿ ಮುರಿದರೆ ಪದಗಳ ನಡುವಿನ ಅಂತರ ಒಟ್ಟಾರೆಯಾಗಿ ಹಿತವಾಗಿರುತ್ತದೆ ಎಂದು ತೂಗುತ್ತದೆ. ಕೊನೆಯ ಸಾಲಿನ ಒಂದು ಪದದ ಸಲುವಾಗಿ ಮೊದಲ ಸಾಲು ಬೇರೆ ಕಡೆ ಮುರಿಯಬಹುದು. ಓದುವವರಿಗೆ ಇದರ ಅರಿವೇ ಆಗುವುದಿಲ್ಲ. ಪುಟ ಕಣ್ಣಿಗೆ ಹಿತವಾಗಿದೆ ಎಂದಷ್ಟೇ ಅನಿಸುತ್ತದೆ. ಮೂರನೆಯ ಆವೃತ್ತಿಯ ನಂತರ ಟೆಕ್‌ಗೆ ನಾಲ್ಕು, ಐದು ಎಂಬ ಆವೃತ್ತಿಗಳಿಲ್ಲ. ತಿದ್ದುಪಡಿಯಾದಾಗಲೆಲ್ಲ ಆವೃತ್ತಿ ಸಂಖ್ಯೆಗೆ ಪೈನ ಇನ್ನೊಂದು ಅಂಕಿ ಸೇರುತ್ತದೆ: 3.14, 3.141, ಹೀಗೆ. ತಮ್ಮ ಕಾಲಾನಂತರ ಆ ಸಂಖ್ಯೆ ಪೈ ಎಂದೇ ನಿಲ್ಲಬೇಕು, ಆಮೇಲೆ ಯಾರೂ ಅದನ್ನು ತಿದ್ದಬಾರದು ಎಂದು ಕನೂತ್ ಹೇಳಿಟ್ಟಿದ್ದಾರೆ. ಒಂದು ಪ್ರೋಗ್ರಾಂ ಪರಿಪೂರ್ಣತೆಯ ಕಡೆಗೆ ಸಾಗುತ್ತಲೇ ಇರಬೇಕು ಎಂಬ ಬಯಕೆಗೆ ಇದಕ್ಕಿಂತ ಸುಂದರ ಅಭಿವ್ಯಕ್ತಿಯನ್ನು ನಾನು ಕಂಡಿಲ್ಲ.

ಮಾಡಿದ್ದನ್ನು ಇನ್ನೊಬ್ಬರು ಬಳಸುವಾಗ ಆಗುವ ತೃಪ್ತಿ ಬೇರೆಯೇ. 1973ರಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ ‘ಪೈಪ್’ ಸೇರಿಕೊಂಡಿತು. ಒಂದು ಪ್ರೋಗ್ರಾಮಿನಿಂದ ಹೊರಬಂದದ್ದು ನೇರವಾಗಿ ಇನ್ನೊಂದರೊಳಗೆ ಹೋಗಲಿ ಎಂಬುದು ಅದನ್ನು ಕಟ್ಟಿದ ಬಳಗದ ಡಗ್ ಮೆಕ್‌ಇಲ್‌ರಾಯ್ ಅವರ ಬಹುಕಾಲದ ಒತ್ತಾಯ. ಅವರ ಸಹೋದ್ಯೋಗಿ ಕೆನ್ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಬರೆದು ಮುಗಿಸಿದರು. ಅಲ್ಲಿಂದ ಮುಂದೆ ಯಾರೋ ಬರೆದ ಸಣ್ಣ ಉಪಕರಣ, ಇನ್ಯಾರೋ ಬರೆದ ಇನ್ನೊಂದು ಉಪಕರಣದ ಜೊತೆ ಸೇರಿ, ಇಬ್ಬರೂ ಊಹಿಸದ ಕೆಲಸವನ್ನು ಮಾಡತೊಡಗಿತು. ನನ್ನ ಛಂದಸ್ಸಿನ ಪ್ರೋಗ್ರಾಮನ್ನು ಎಲ್ಲರಿಗೂ ತೆರೆದಿಟ್ಟ ಮೇಲೆ ಪರಿಚಯವಿಲ್ಲದ ಒಬ್ಬರು ಪತ್ರ ಬರೆದರು. ಅವರು ಹಳೆಯ ಪದ್ಯಗಳನ್ನು ಅಳೆಯುತ್ತಿರಲಿಲ್ಲ. ತಾವೇ ಹೊಸದಾಗಿ ಷಟ್ಪದಿ ಬರೆಯುತ್ತ, ಎಲ್ಲಿ ನಡೆ ತಪ್ಪಿತೆಂದು ನೋಡಿಕೊಳ್ಳಲು ಬಳಸುತ್ತಿದ್ದರು. ನಾನು ಓದಲೆಂದು ಕಟ್ಟಿದ್ದು ಅವರ ಕೈಯಲ್ಲಿ ಬರೆಯುವ ಸಾಧನವಾಗಿತ್ತು. ಆ ಪತ್ರವನ್ನು ಎಷ್ಟು ಸಲ ಓದಿದೆನೋ!

ಕಚೇರಿಯ ಕೆಲಸದಲ್ಲಿ ಇದೆಲ್ಲ ಸದಾ ಸಿಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಗಡುವು, ಸಭೆ, ಅರ್ಧಕ್ಕೇ ಕೈಬಿಟ್ಟ ಯೋಜನೆಗಳು, ಬೇರೆಯವರು ಅವಸರದಲ್ಲಿ ಕಟ್ಟಿದ್ದಕ್ಕೆ ತೇಪೆ ಹಾಕುವುದು, ಇವೇ ಎಷ್ಟೋ ದಿನಗಳನ್ನು ತಿಂದುಬಿಡುತ್ತವೆ. ಅಂಥ ದಿನಗಳಲ್ಲೂ ಒಂದು ಗೊಂದಲದ ಭಾಗವನ್ನು ತಿಳಿಯಾಗಿಸಿ ಎದ್ದರೆ ನನ್ನ ಮಟ್ಟಿಗೆ ದಿನ ಸಾರ್ಥಕ.

ಈಗ ಕೋಡನ್ನು ಯಂತ್ರಗಳೇ ಬರೆದುಕೊಡುತ್ತಿವೆ, ಇನ್ನು ನಿಮ್ಮ ಈ ಸಂತೋಷದ ಗತಿಯೇನು ಎಂದು ಕೆಲವರು ಕೇಳುತ್ತಾರೆ. ಬೇಕಾದ್ದನ್ನು ಮಾತಿನಲ್ಲಿ ಹೇಳಿದರೆ ಪುಟಗಟ್ಟಲೆ ಕೋಡ್ ಬರುತ್ತದೆ, ಅದರಲ್ಲಿ ಬಹುಪಾಲು ಓಡುತ್ತದೆ ಕೂಡ. ಪದೇ ಪದೇ ಬರೆಯಬೇಕಾದ, ಯೋಚನೆ ಬೇಡದ ಭಾಗಗಳನ್ನು ನಾನೂ ಹಾಗೆ ಬರೆಸಿಕೊಳ್ಳುತ್ತೇನೆ, ಅದರಿಂದ ಉಳಿದ ಸಮಯಕ್ಕೆ ಕೃತಜ್ಞನಾಗಿದ್ದೇನೆ. ಲಘು-ಗುರುವಿನ ಪ್ರೋಗ್ರಾಮನ್ನು ಹಾಗೆ ತರಿಸಿಕೊಂಡಿದ್ದರೆ ಮಾತ್ರ ನನ್ನ ಕೈಯಲ್ಲಿ ಒಂದು ಉಪಕರಣ ಇರುತ್ತಿತ್ತು. ‘ಸ್ತ್ರೀ’ಯೊಳಗಿನ ಆರು ಸಂಕೇತಗಳು, ಅಕ್ಷರದ ಮೂರು ಭಾಗಗಳು, ಸಡಿಲ ಒತ್ತನ್ನು ಕಿವಿ ತೀರ್ಮಾನಿಸುವ ರೀತಿ, ಇವು ಯಾವುವೂ ನನ್ನವಾಗುತ್ತಿರಲಿಲ್ಲ. ನಾನು ಈ ಕೆಲಸಕ್ಕೆ ಬರುವುದು ಅವುಗಳಿಗಾಗಿ. ಯಾರು ಟೈಪ್ ಮಾಡಿದರು ಎಂಬುದು ಎಂದೂ ಮುಖ್ಯವಾಗಿರಲಿಲ್ಲ. ರೂಪವನ್ನು ಆರಿಸಿದವರು ಯಾರು, ಅದು ಏಕೆ ಸರಿ ಎಂದು ಬಲ್ಲವರು ಯಾರು ಎಂಬುದು ಮುಖ್ಯ. ಆ ಜಾಗವನ್ನು ಬಿಟ್ಟುಕೊಡುವ ಮನಸ್ಸು ನನಗಿಲ್ಲ.

ಸದ್ಯ ಕಂದಪದ್ಯದ ಕೆಲಸ ನಡೆದಿದೆ. ಅದರ ಕಟ್ಟುಪಾಡು ಷಟ್ಪದಿಗಿಂತ ಬಿಗಿ. ಎಲ್ಲ ಗಣಗಳೂ ನಾಲ್ಕು ಮಾತ್ರೆಯವು. ಒಂದು ಮತ್ತು ಮೂರನೆಯ ಸಾಲಿಗೆ ಮೂರು ಗಣ, ಎರಡು ಮತ್ತು ನಾಲ್ಕನೆಯ ಸಾಲಿಗೆ ಐದು. ಪ್ರತಿ ಅರ್ಧದ ಎಂಟು ಗಣಗಳನ್ನು ಒಟ್ಟಾಗಿ ಎಣಿಸಿದಾಗ ಬೆಸ ಸ್ಥಾನಗಳಲ್ಲಿ ಲಘು ಗುರು ಲಘುವಿನ ಜಗಣ ಬರಕೂಡದು, ಆರನೆಯದು ಮಾತ್ರ ಜಗಣವೋ ನಾಲ್ಕೂ ಲಘುಗಳ ಗಣವೋ ಆಗಿರಲೇಬೇಕು. ಷಟ್ಪದಿಗಾಗಿ ಬರೆದ ಗಣವಿಭಾಗದ ಭಾಗ ಇದಕ್ಕೆ ಒಗ್ಗುತ್ತಿಲ್ಲ. ಅದು ಸಾಲನ್ನೇ ಘಟಕವೆಂದು ನಂಬಿದೆ, ಕಂದಕ್ಕೆ ಪದ್ಯಾರ್ಧ ಘಟಕವಾಗಬೇಕು. ಸಾಲು, ಅರ್ಧ, ಇಡೀ ಪದ್ಯ ಈ ಮೂರಕ್ಕೂ ಹೊಂದುವ ಒಂದೇ ರೂಪ ಇದ್ದೇ ಇರುತ್ತದೆ ಎಂದು ನನ್ನ ಮನಸ್ಸು ಹೇಳುತ್ತಿದೆ. ಹಳೆಯ ಭಾಗವನ್ನು ಬಿಚ್ಚಿ ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ.